ನೀರು ಕುಡಿಯಲಾರದ ಗಿಡಗಳ ಅಕ್ಕ

"ಬೇಗ ಒಳಗೆ ಬನ್ನಿ ಸಾರ್, ಗಾಳಿ ನುಗ್ಗತ್ತೆ!"

ಪತ್ರಿಕೆಗೆ ಬರೆಯಲೆಂದು ಹೋದ ನನಗೆ ಬೆಳಕು ಹರಿಯುವ ಹೊತ್ತಿಗೆ ಬಿದ್ದ ಮೊದಲ ಗದರಿಕೆ ಇದು. ಗಾಜಿನ ಮನೆಯ ಬಾಗಿಲು ಒಬ್ಬರು ಓರೆಯಾಗಿ ನುಸುಳುವಷ್ಟು ಮಾತ್ರ ತೆರೆದಿದೆ. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂರುತ್ತದೆ. ಒರೆಸಿಕೊಂಡು ನೋಡಿದರೆ, ನೀಲಿ ಕೋಟಿನ ತೋಳು ಮಡಚಿಕೊಂಡ ಹೆಂಗಸೊಬ್ಬರು ಸ್ಪ್ರೇ ಬಾಟಲಿ ಹಿಡಿದು ಕುಂಡಗಳ ನಡುವೆ ನೀರು ಚಿಮುಕಿಸುತ್ತಿದ್ದಾರೆ. ಗಿಡಗಳಿಗಲ್ಲ, ಗಾಳಿಗೆ. ಯಾಕೆಂದು ಕೇಳುತ್ತೇನೆ. "ಎಲೆ ಮೇಲೆ ಹನಿ ಕೂತ್ರೆ ಆ ಭಾರಕ್ಕೇ ಬಗ್ಗಿಬಿಡ್ತವೆ. ಅಷ್ಟು ನಾಜೂಕು ನಮ್ಮವು" ಅನ್ನುತ್ತಾರೆ. ‘ನಮ್ಮವು’ ಅನ್ನುವಾಗ ಅವರ ದನಿಯಲ್ಲಿದ್ದ ಗತ್ತನ್ನು ಕೇಳಬೇಕಿತ್ತು.

ಸಸ್ಯ ಸಂಶೋಧನೆ ನಡೆಯುವ ಈ ಕಟ್ಟಡದಲ್ಲಿ ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಇವರನ್ನು ಕರೆಯುವುದು ‘ಗಿಡದಕ್ಕ’ ಎಂದೇ. ಅಕ್ಕ ನೋಡಿಕೊಳ್ಳುವುದು ಸಾಸಿವೆಯ ದೂರದ ನೆಂಟನಾದ, ಬೆರಳುದ್ದದ ಒಂದು ಕಳೆಗಿಡವನ್ನು. ಅದರಲ್ಲೂ ಹುಟ್ಟುವಾಗಲೇ ಸೋತು ಹುಟ್ಟಿದ ಗಿಡಗಳನ್ನು. ಬೇರಿನ ಸುತ್ತ ಬೇಕಾದಷ್ಟು ನೀರಿದ್ದರೂ ಇವು ಅದನ್ನು ಮೇಲಕ್ಕೇರಿಸಲಾರವು. ಬಿಸಿಲೇರಿದರೆ ಜೋಲುತ್ತವೆ. ನನ್ನ ಮನೆಯಲ್ಲೂ ಎಲ್ಲ ಗಿಡಗಳೂ ಜೋಲುತ್ತವೆ, ಆದರೆ ಅದು ನನ್ನ ಕೈಗುಣ. ಇಲ್ಲಿಯ ಕಥೆ ಬೇರೆ.

ಆ ಕಥೆಯನ್ನು ಬಿಡಿಸಿ ಹೇಳುವವರು ಈ ಗಿಡಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ. ಅಕ್ಕನ ಬಾಯಲ್ಲಿ ಬರೀ ‘ಮೇಡಂ’. ಎಳೆಯ ಜೀವಕೋಶವೊಂದು ಮುಂದೆ ಏನು ಬೇಕಾದರೂ ಆಗಬಹುದು ಎನ್ನುತ್ತಾರೆ ಅವರು. ಅದರೊಳಗೆ ಒಂದು ಜೀನ್ ಎಚ್ಚರಗೊಂಡರೆ ಕೋಶ ನೀರಿನ ಕೊಳವೆಯಾಗುವ ದಾರಿ ಹಿಡಿಯುತ್ತದೆ. ಆ ಜೀನ್ ಕಟ್ಟಡದ ಮೇಸ್ತ್ರಿ ಇದ್ದ ಹಾಗೆ. ತಾನು ಗಾರೆ ಮುಟ್ಟುವುದಿಲ್ಲ, ಬೇರೆ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಕೆಲವು ಕೋಶದ ಗೋಡೆಗೆ ಒಳಗಿನಿಂದ ಬಳೆ ಬಳೆಯಾಗಿ ದಪ್ಪ ಪಟ್ಟಿ ಕಟ್ಟಿಸುತ್ತವೆ. ಕೆಲವು ಆ ಪಟ್ಟಿಗೆ ಲಿಗ್ನಿನ್ ಎಂಬ ಬಿರುಸಾದ ವಸ್ತು ತುಂಬಿಸುತ್ತವೆ. ಮರ ಗಟ್ಟಿಯಾಗಿರುವುದು ಇದರಿಂದಲೇ. ಕೊನೆಗೆ ಬರುವವು ಕೋಶದ ಒಳಗಿರುವುದನ್ನೆಲ್ಲ ಕರಗಿಸಿ ಖಾಲಿ ಮಾಡಿಬಿಡುತ್ತವೆ. ಕೋಶ ಸಾಯುತ್ತದೆ, ಗೋಡೆ ನಿಲ್ಲುತ್ತದೆ. ಹೀಗೆ ಸತ್ತ ಕೋಶಗಳು ಒಂದರ ತಲೆಗೊಂದು ಸೇರಿ, ನಡುವಿನ ತಡೆ ಕರಗಿ, ಬೇರಿನಿಂದ ಎಲೆಯವರೆಗೆ ಕೊಳವೆ ಸಿದ್ಧವಾಗುತ್ತದೆ. ನಾವು ನೋಡುವ ಎಲ್ಲ ಹಸಿರಿಗೂ ನೀರು ಹೊತ್ತು ಕೊಡುವುದು ಸತ್ತ ಕೋಶಗಳೆಂದು ನನಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ.

ಅಕ್ಕನ ಗಿಡಗಳಲ್ಲಿ ಮೇಸ್ತ್ರಿಯೇ ಕೈಕೊಟ್ಟಿದ್ದಾನೆ. ಜೀನ್ ಕೆಟ್ಟಿದೆ, ಕೊಳವೆಯ ಗೋಡೆ ತೆಳ್ಳಗಾಗಿದೆ. ಮೆತ್ತಗಿನ ಸ್ಟ್ರಾದಲ್ಲಿ ಜೋರಾಗಿ ಎಳೆದರೆ ಅದು ಒಳಕ್ಕೆ ಅಪ್ಪಚ್ಚಿಯಾಗುವುದಿಲ್ಲವೇ, ಹಾಗೆ ಎಲೆಗಳು ನೀರು ಎಳೆದಾಗಲೆಲ್ಲ ಕೊಳವೆ ಕುಸಿಯುತ್ತದೆ.

"ನಂಗೆ ಇಷ್ಟೆಲ್ಲ ಬಾಯಿಪಾಠ ಬರಲ್ಲ ಸಾರ್" ಎಂದು ಅಕ್ಕ ನಗುತ್ತಾರೆ. "ಮೇಡಂ ಎರಡು ಸಲ ಹೇಳಿದಾರೆ, ಎರಡು ಸಲಾನೂ ಮರ್ತಿದೀನಿ. ಗಿಡ ಸಾಯಬಾರದು, ಅಷ್ಟು ನೆನಪಿದೆ."

ಇಲ್ಲಿಗೆ ಬರುವ ಮೊದಲು ಅವರು ಹೂವಿನ ಗಿಡ ಮಾರುವ ನರ್ಸರಿಯಲ್ಲಿದ್ದರು. ಅಲ್ಲಿಯ ಧರ್ಮ ಒಂದೇ: ಸೊಂಪಾದದ್ದು ಅಂಗಡಿಗೆ, ಸೊರಗಿದ್ದು ಗೊಬ್ಬರದ ಗುಂಡಿಗೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಗಾದೆಯನ್ನು ನಂಬಿ ವರ್ಷಗಟ್ಟಲೆ ದುಡಿದ ಕೈ ಅದು. ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಸಸಿಗಳ ತಟ್ಟೆಗಳನ್ನು ನೋಡಿ ಅಕ್ಕನಿಗೆ ಮರುಕ ಬಂತು. ಇಷ್ಟು ಓದಿದವರು ಇಷ್ಟು ಕೊಳಕಾಗಿ ಗಿಡ ಬೆಳೆಸುತ್ತಾರಲ್ಲ! ಯಾರೂ ಹೇಳದಿದ್ದರೂ ಕೂತು, ಮುದುರಿದ ಸಸಿಗಳನ್ನು ಒಂದೊಂದಾಗಿ ಕಿತ್ತು ಎಸೆದು, ಗಟ್ಟಿಯಾದವುಗಳಿಗೆ ಜಾಗ ಮಾಡಿಕೊಟ್ಟು, ಶಭಾಷ್‌ಗಿರಿಗಾಗಿ ಕಾದು ನಿಂತರು.

"ಮೇಡಂ ಬಂದು ನೋಡಿದ್ರು. ಮಾತೇ ಇಲ್ಲ. ಖುಷಿಗೆ ಮಾತು ನಿಂತಿದೆ ಅಂದ್ಕೊಂಡೆ" ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಆಮೇಲೆ ಇಬ್ಬರೂ ಕಸದ ಡಬ್ಬಿ ಬಗ್ಗಿಸಿ ಹುಡುಕಿದ್ವಿ. ಸಿಕ್ಕಿದ್ದೆಲ್ಲ ಹಪ್ಪಳ ಆಗಿತ್ತು."

ಮೇಡಂ ಬಯ್ಯಲಿಲ್ಲ. ಜೀನ್‌ನ ಒಂದೇ ಪ್ರತಿ ಕೆಟ್ಟ ತಾಯಿಗಿಡ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಅದರ ನಾಲ್ಕು ಸಸಿಗಳಲ್ಲಿ ಒಂದು ಮಾತ್ರ ಹೀಗೆ ಸೋತು ಹುಟ್ಟುತ್ತದೆ, ತನಗೆ ಬೇಕಾದದ್ದು ಅದೇ ಎಂದು ಕೂರಿಸಿ ವಿವರಿಸಿದರು. ಅಂದಿನಿಂದ ಅಕ್ಕ ತಮ್ಮ ವಿದ್ಯೆಯನ್ನೆಲ್ಲ ತಲೆಕೆಳಗು ಮಾಡಿಕೊಂಡರು. ಈಗ ತಟ್ಟೆ ಮುಂದೆ ಕೂತರೆ ಅವರ ಕಣ್ಣು ಮೊದಲು ಹೋಗುವುದು ಬಾಡಿದ್ದರ ಕಡೆಗೆ.

ಆದರೆ ಉಳಿಸುವುದು ಸಾಲದು, ಅದರಿಂದ ಬೀಜ ಬರಬೇಕು. ಜೀನ್‌ನ ಎರಡೂ ಪ್ರತಿ ಕೆಟ್ಟ ಗಿಡದ ಬೀಜ ಸಿಕ್ಕರೆ, ಹುಟ್ಟುವ ಮಕ್ಕಳೆಲ್ಲ ಅದೇ ಬಗೆಯವು. ಆಗ ಮೇಡಂ ಅವುಗಳಿಗೆ ದುರಸ್ತಿ ಮಾಡಿದ ಜೀನ್ ಕೊಟ್ಟು, ಕೊಳವೆ ಮತ್ತೆ ಕಟ್ಟಿಕೊಳ್ಳುತ್ತದೆಯೇ ಎಂದು ನೋಡಬಹುದು. ಈವರೆಗೆ ಅಂಥ ಒಂದು ಗಿಡವೂ ಬೀಜ ಕೊಟ್ಟಿರಲಿಲ್ಲ. ಹೂ ಬಿಡುತ್ತಿದ್ದವು, ಕಾಯಿ ಕಟ್ಟುವಷ್ಟರಲ್ಲಿ ಸಾಯುತ್ತಿದ್ದವು. ಈ ಸಲವೂ ಆಗದಿದ್ದರೆ ಈ ದಾರಿಯನ್ನೇ ಬಿಟ್ಟುಬಿಡೋಣ ಎಂದು ಮೇಡಂ ತೀರ್ಮಾನಿಸಿದ್ದರು. ಅಕ್ಕನಿಗೆ ಅದು ಎದೆಗೆ ಒದ್ದ ಹಾಗಾಯಿತು.

"ತಂಗಿ ಮದುವೇಲಿ ಊಟಕ್ಕೂ ನಿಲ್ದೆ ಓಡಿ ಬಂದಿದೀನಿ ಸಾರ್, ಇಲ್ಲಿ ಕರೆಂಟ್ ಹೋಗಿ ತಂಪು ಮಾಡೋ ಫ್ಯಾನ್ ನಿಂತಿದೆ ಅಂತ. ಅವಳು ಇವತ್ತಿಗೂ ಮುಖ ಊದಿಸ್ಕೊಂಡಿದಾಳೆ. ಆ ಗಿಡಾನೂ ಉಳೀಲಿಲ್ಲ."

ಮನೆಯಲ್ಲಿ ಅತ್ತೆಯದು ಇನ್ನೊಂದು ರಾಗ. ತಾರಸಿಯ ಮೇಲೆ ಗುಲಾಬಿ ಬೆಳೆಸುವ ಆ ಹಿರಿಯಾಕೆಗೆ ಸೊಸೆಯ ಉದ್ಯೋಗ ಇವತ್ತಿಗೂ ಒಗಟು. "ನನ್ನ ಗುಲಾಬೀನ ನೋಡೋಕೆ ಬೀದಿಯೋರೆಲ್ಲ ಬರ್ತಾರೆ. ಇವಳದ್ದನ್ನ ಒಂದು ಮೇಕೆ ಕೂಡ ಮೂಸಲ್ಲ" ಎಂದು ನನ್ನೆದುರೇ ಹೇಳಿದರು. ವ್ಯಾನ್ ಓಡಿಸುವ ಗಂಡ ಬಾಯಿ ಬಿಡಲಿಲ್ಲ. ತಾಯಿ, ಹೆಂಡತಿ ಇಬ್ಬರೂ ಇರುವಲ್ಲಿ ಬಾಯಿ ಬಿಡದಿರುವುದೇ ಜಾಣತನ. ರಜಾದಿನವೂ ನಸುಕಿನಲ್ಲಿ ಹೆಂಡತಿಯನ್ನು ವ್ಯಾನಿನಲ್ಲಿ ತಂದು ಬಿಡುವವರು ಇವರೇ.

ಇನ್ನು ಆ ಸಲ ಉಳಿದಿದ್ದ ಕೊನೆಯ ಗಿಡದ ವಿಷಯ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಅದರ ಮೇಲೆ ಮುಚ್ಚಿ, ಒಳಗಿನ ಗಾಳಿಯನ್ನು ಸದಾ ತೇವವಾಗಿಟ್ಟು, ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಹೂ ಬಂತು. ಸೂಜಿಯಷ್ಟು ತೆಳ್ಳಗಿನ ಎರಡು ಕಾಯಿಯೂ ಕಟ್ಟಿತು. ಸಂಕಟ ಶುರುವಾದದ್ದೇ ಆಮೇಲೆ. ಗಿಡಕ್ಕೆ ತೇವದ ಗಾಳಿ ಬೇಕು, ಮಾಗುವ ಕಾಯಿಗೆ ಒಣ ಗಾಳಿ ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಬಾಟಲಿ ತೆಗೆಯದಿದ್ದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ ಎಂದು ಮೇಡಂ, ತೆಗೆದರೆ ಗಿಡ ಸಂಜೆ ಕಾಣುವುದಿಲ್ಲ ಎಂದು ಅಕ್ಕ. ಇಬ್ಬರಿಗೂ ಜೋರು ಜಗಳ.

"ಅವರು ತೆಗಿ ಅಂದ್ರು, ನಾನು ಬೇಡ ಅಂದೆ. ಕಿತ್ತಾಟದಲ್ಲಿ ಬಾಟಲಿ ಮುಚ್ಚಳ ಕಳಚ್ಕೊಂತು. ಆಗ ಇಬ್ಬರಿಗೂ ಒಟ್ಟಿಗೇ ಹೊಳೀತು."

ಗಿಡ ಬಾಟಲಿಯೊಳಗೇ ಇರಲಿ, ಕಾಯಿ ಇರುವ ದಂಟು ಮಾತ್ರ ಬಾಟಲಿಯ ಬಾಯಿಂದ ಹೊರಗೆ ಬರಲಿ! ಮೇಡಂ ಬಾಟಲಿ ಹಿಡಿದರು, ಅಕ್ಕ ಉಸಿರು ಬಿಗಿಹಿಡಿದು ದಂಟನ್ನು ನೂಲಿನಿಂದ ಮೇಲೆತ್ತಿ, ಸುತ್ತ ಹತ್ತಿ ತುರುಕಿದರು. ನಾನು ಮೊದಲ ಸಲ ಹೋದಾಗ ಕಂಡದ್ದು ಇದನ್ನೇ. ಒಳಗೆ ಹಬೆಯಲ್ಲಿ ಹಸಿರು ಎಲೆ, ಹೊರಗೆ ಒಣಗುತ್ತಿರುವ ಎರಡು ಕಾಯಿ. ಗಿಡ ಉಳಿಯಲಿಲ್ಲ. ಆದರೆ ಕಾಯಿ ಅದಕ್ಕಿಂತ ಮೊದಲು ಮಾಗಿತು. ಧೂಳಿನ ಕಣದಂಥ ಒಂದು ಚಿಟಿಕೆ ಬೀಜ ಸಿಕ್ಕಿತು.

ಅದೂ ಗೆಲುವಲ್ಲ ಎಂದು ಆಮೇಲೆ ಗೊತ್ತಾಯಿತು. ಹೂ ಬಿಟ್ಟಿದ್ದಾಗ ಅಕ್ಕಪಕ್ಕದ ಗಟ್ಟಿ ಗಿಡಗಳ ಪರಾಗ ಹೇಗೋ ಬಂದು ಬಿದ್ದಿದ್ದರೆ? ನೀರು ಹಾಕಲು ಬಾಟಲಿಯನ್ನು ದಿನಾ ಎತ್ತುತ್ತಿದ್ದವರು ಅಕ್ಕನೇ. ಬೆರಕೆಯಾಗಿದ್ದರೆ ಸಸಿಗಳು ನೆಟ್ಟಗೆ ನಿಲ್ಲುತ್ತವೆ. ಒಂದು ನಿಂತರೂ ಬೀಜ ನಂಬಲಾರದ್ದು, ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಬೀಜ ಬಿತ್ತಿ, ಸಸಿ ನಾಲ್ಕಾರು ಎಲೆ ಬಿಟ್ಟ ಮೇಲೆ ನನ್ನನ್ನೂ ಕರೆದರು.

ಬಿಸಿಲು ಗಾಜಿನ ಮೇಲೆ ಬಿದ್ದ ಹೊತ್ತಿಗೆ ಅಕ್ಕ ತಟ್ಟೆಯ ಮುಚ್ಚಳ ತೆಗೆಯುತ್ತಾರೆ. ಮೂವರೂ ಸ್ಟೂಲಿನ ಮೇಲೆ ಕೂರುತ್ತೇವೆ. ಎಳೆಯ ಗಿಡಗಳು ಬಾಡಲಿ ಎಂದು ದೇವರಿಗೆ ಮೊರೆಯಿಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮೊದಲು ಅಂಚಿನ ಸಸಿ ಎಲೆ ಇಳಿಬಿಡುತ್ತದೆ. ಆಮೇಲೆ ಅದರ ಪಕ್ಕದ್ದು. ನಡುವೆ ಒಂದು ಮಾತ್ರ ಠೀವಿಯಿಂದ ನಿಂತಿದೆ. ಅಕ್ಕ ಅದನ್ನು ಶತ್ರುವನ್ನು ನೋಡಿದ ಹಾಗೆ ನೋಡುತ್ತಾರೆ. ಮೇಡಂ ಉಗುರು ಕಚ್ಚುತ್ತಿದ್ದಾರೆ. ಎಷ್ಟೋ ಹೊತ್ತಿನ ಮೇಲೆ ಅದರ ಒಂದು ಎಲೆ ಸಡಿಲಾಗುತ್ತದೆ, ಇನ್ನೊಂದು ಮುದುರುತ್ತದೆ, ಇಡೀ ಸಸಿ ಮಣ್ಣಿಗೆ ಒರಗುತ್ತದೆ.

"ಬಾಡ್ತು! ಎಲ್ಲಾ ಬಾಡಿದ್ವು ಮೇಡಂ!" ಅಕ್ಕ ಕುಣಿದಾಡುತ್ತಾರೆ. ಮೇಡಂ ಅವರನ್ನು ತಬ್ಬಿಕೊಳ್ಳುತ್ತಾರೆ. ನನ್ನ ಕನ್ನಡಕ ಮತ್ತೆ ಮಂಜಾಗುತ್ತದೆ, ಅದು ಹಬೆಯಿಂದಲ್ಲ. ಮರುಕ್ಷಣವೇ ಅಕ್ಕ ಕಣ್ಣೊರೆಸಿಕೊಂಡು ಮುಚ್ಚಳ ಹಾಕಿ, ನೀರು ಚಿಮುಕಿಸಿ, ಒಂದೊಂದನ್ನೂ ಮತ್ತೆ ಎಬ್ಬಿಸಲು ಕೂರುತ್ತಾರೆ.

ಈ ಬೀಜದ ಸಂತತಿಗೆ ದುರಸ್ತಿಯಾದ ಜೀನ್ ಸೇರಿಸುವ ಕೆಲಸ ಇನ್ನು ಶುರುವಾಗಬೇಕು. ಅದು ಫಲಿಸಿದರೆ ನಿಮಗೇನು ಬೇಕು ಎಂದು ಕೇಳುತ್ತೇನೆ. ಹೆಸರು ಬರಬೇಕೇ, ಫೋಟೊ ಹಾಕಿಸಬೇಕೇ? ಅಕ್ಕ ಸ್ಪ್ರೇ ಬಾಟಲಿ ಕೆಳಗಿಡುತ್ತಾರೆ.

"ನಮ್ಮದೊಂದು ಗಿಡ ಸುಡೋ ಬಿಸಿಲಲ್ಲಿ ಒಬ್ಬಂಟಿಯಾಗಿ ಎದ್ದು ನಿಲ್ಬೇಕು ಸಾರ್. ನಾನು ಪಕ್ಕದಲ್ಲೇ ಕೈಕಟ್ಟಿ ಕೂತಿರ್ಬೇಕು. ಅದಕ್ಕೆ ನಾನು ಬೇಕೇ ಆಗಬಾರದು."