ಚೀಟಿ ಕಿತ್ತ ಪರದೆ

ನಮ್ಮ ಮನೆಗೆ ಕನ್ನಡ ಪೇಪರ್ ಬರುವುದು ಹನ್ನೊಂದು ಗಂಟೆಗೆ. ಕಲಬುರಗಿಯಲ್ಲಿ ಅಚ್ಚಾಗಿ, ರೈಲು ಹತ್ತಿ, ಮಲ್ಕಾಜ್‌ಗಿರಿ ಸ್ಟೇಷನ್ ಹತ್ತಿರದ ಏಜೆಂಟರ ಅಂಗಡಿಗೆ ಬಂದು ಇಳಿಯುತ್ತದೆ. ಅಲ್ಲಿಂದ ನಾನೇ ಹೋಗಿ ತರಬೇಕು. ಅಷ್ಟೊತ್ತಿಗೆ ನಮ್ಮ ಬೀದಿಯ ತೆಲುಗು ಪೇಪರುಗಳನ್ನೆಲ್ಲ ಓದಿ ಮಡಚಿಟ್ಟಾಗಿರುತ್ತದೆ. ನನ್ನ ಹೆಂಡತಿಗೆ ಅದರಿಂದ ಏನೂ ಬೇಸರವಿರಲಿಲ್ಲ. ಇಡೀ ನೌಕರಿಯನ್ನು ಮಕ್ಕಳಿಗೆ ಕನ್ನಡ ಕಲಿಸುವುದರಲ್ಲೇ ಕಳೆದವಳು. ಮೊದಲ ಪುಟದ ತಲೆಬರಹದಿಂದ ಹಿಡಿದು ಕೊನೆಯ ಪುಟದ ತಳದ ಮುದ್ರಕರ ಹೆಸರಿನವರೆಗೆ ಓದುತ್ತಿದ್ದಳು. ಆ ಹೆಸರು ದಿನಾ ಅದೇ ಇರುತ್ತದಲ್ಲ ಎಂದರೆ, "ಬದಲಾಗೈತೇನೋ ನೋಡಬೇಕಲ್ರಿ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಕಣ್ಣಿನ ನಟ್ಟನಡುವೆ ಮಬ್ಬು ಕವಿಯಿತು. ಸುತ್ತಲಿನದೆಲ್ಲ ಕಾಣುತ್ತದೆ, ಯಾವುದನ್ನು ದಿಟ್ಟಿಸುತ್ತಾಳೋ ಅದು ಮಾತ್ರ ಕಾಣುವುದಿಲ್ಲ. ತಿಂಗಳಿಗೊಮ್ಮೆ ಕಣ್ಣಿನೊಳಗೇ ಇಂಜೆಕ್ಷನ್. ಅಡುಗೆ ಮಾಡುತ್ತಾಳೆ, ಮೆಟ್ಟಿಲು ಇಳಿಯುತ್ತಾಳೆ, ತರಕಾರಿಯವನ ಹತ್ತಿರ ತೆಲುಗಿನಲ್ಲಿ ಜಗಳವನ್ನೂ ಆಡುತ್ತಾಳೆ. ಅಕ್ಷರ ಮಾತ್ರ ಕೈಬಿಟ್ಟು ಹೋಯಿತು. ಹಾಗಾಗಿ ಪೇಪರ್ ಓದುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಒಳ್ಳೆಯ ಓದುಗನಲ್ಲ. ಒಂದು ಸಾಲು ಓದಿದರೆ ಎರಡು ಸಾಲು ಬೈಯುತ್ತೇನೆ. ರಸ್ತೆ ಗುಂಡಿಯ ಸುದ್ದಿ ಬಂದರೆ ನಮ್ಮ ಬೀದಿಯ ಗುಂಡಿಯನ್ನೂ ಅದಕ್ಕೆ ಸೇರಿಸುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾ, "ನೀವು ಓದಿದ್ರ ಸುದ್ದಿ ಅರ್ಧ ಬರತೈತಿ, ನಿಮ್ಮ ಸಿಟ್ಟು ಅರ್ಧ ಬರತೈತಿ" ಅನ್ನುತ್ತಿದ್ದಳು. ಆದರೂ ಆ ಒಂದು ತಾಸು ನನಗೆ ಭಾರಿ ಇಷ್ಟವಾಗಿತ್ತು. ರಿಟೈರಾದ ಮೇಲೆ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳುತ್ತಿರಲಿಲ್ಲ.

ಮಳೆಗಾಲ ಶುರುವಾದ ವಾರ ಒಂದು ದಿನ ಆರನೇ ಪುಟ ತಿರುವಿದೆ. ಕೆಳಗಿನ ಮೂಲೆಯಲ್ಲಿ ಅವಳ ಗೆಳತಿಯ ಫೋಟೊ ಇತ್ತು, ಮೇಲೆ ಶ್ರದ್ಧಾಂಜಲಿ ಎಂದು ಬರೆದಿತ್ತು. ಮದುವೆಗೆ ಮುಂಚೆ ಕಲಬುರಗಿಯ ಶಾಲೆಯಲ್ಲಿ ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದವರು. ನಮ್ಮ ಮದುವೆ ಮಾತುಕತೆಗೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು ನಾಲ್ಕು ಪ್ರಶ್ನೆ ಕೇಳಿದವರು ಅವರೇ. ಹಿಂದಿನ ದಿನವಷ್ಟೇ ಹೆಂಡತಿಗೆ ಇಂಜೆಕ್ಷನ್ ಆಗಿತ್ತು. ಕಣ್ಣು ಉಜ್ಜಬಾರದು, ನೀರು ತಾಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇದನ್ನು ಓದಿದರೆ ಅಳುತ್ತಾಳೆ, ಅತ್ತರೆ ಕಣ್ಣು ಏನಾಗುತ್ತದೋ ಎಂದು ಹೆದರಿ ಪುಟ ತಿರುವಿ ಪೇಟೆ ಧಾರಣೆ ಓದಿದೆ.

ನಾಲ್ಕು ದಿನ ಬಿಟ್ಟು ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಆ ಮನೆಯಿಂದ ಹೆಂಡತಿಯ ಫೋನಿಗೆ ಮೆಸೇಜು ಬಂತು, ಹದಿಮೂರನೇ ದಿನದ ಕಾರ್ಯಕ್ಕೆ ಬರಬೇಕೆಂದು. ಅವಳ ಫೋನಿನ ಮೆಸೇಜು ಓದುವವನೂ ನಾನೇ. ಅದನ್ನೂ ಓದಿ ಸುಮ್ಮನಾದೆ. ಹದಿಮೂರನೇ ದಿನ ಕಳೆಯಿತು, ತಿಂಗಳು ಕಳೆಯಿತು. ಮೊದಲ ದಿನ ಹೇಳುವುದು ಕಷ್ಟವಿತ್ತು, ಆಮೇಲೆ ಯಾಕೆ ಹೇಳಲಿಲ್ಲ ಎಂದು ಹೇಳುವುದು ಅದಕ್ಕಿಂತ ಕಷ್ಟವಾಯಿತು. ಆ ಪೇಪರನ್ನು ರದ್ದಿಗೆ ಹಾಕಲು ಕೈ ಬರಲಿಲ್ಲ. ಅಲಮಾರಿಯಲ್ಲಿ ನನ್ನ ಬಟ್ಟೆಯ ಕೆಳಗೆ ಇಟ್ಟೆ.

ಶ್ರಾವಣದಲ್ಲಿ ಒಂದು ದಿನ ಅವಳು, "ಅಕೀ ಫೋನ್ ಮಾಡೇ ಇಲ್ಲ ನೋಡ್ರಿ" ಅಂದಳು.

"ಮಗಳ ಮನಿಗೆ ಹೋಗಿರಬೇಕು" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಅದೇ ವಾರ ಅವಳು ಇನ್ನೊಂದು ಮಾತು ಹೇಳಿದಳು. ಕಣ್ಣಿನ ಆಸ್ಪತ್ರೆಯಲ್ಲಿ ಯಾರೋ ಒಂದು ಯಂತ್ರದ ಬಗ್ಗೆ ಹೇಳಿದರಂತೆ. ಪುಟದ ಮೇಲೆ ಕ್ಯಾಮೆರಾ ಹಿಡಿದರೆ ಎದುರಿನ ಪರದೆಯಲ್ಲಿ ಅಕ್ಷರ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತದಂತೆ. ಅಷ್ಟು ದೊಡ್ಡದಾದರೆ ಮಬ್ಬಿನ ಆಚೆ ಈಚೆ ಉಳಿದ ಭಾಗದಿಂದ ಅಕ್ಷರ ಹಿಡಿಯಬಹುದಂತೆ. "ನೀವು ಅಂಥಾದ್ದ ಕೆಲಸ ಮಾಡಿದವ್ರು. ಮಾಡಿಕೊಡ್ರಿ. ನನಗ ನಾನ ಓದಬೇಕು" ಅಂದಳು.

ಅವಳು ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದನ್ನು. ಆದರೆ ಇದು ಕೈಗೂಡಿದ ದಿನ ಅವಳಿಗೆ ನಾನು ಬೇಕಾಗುವುದಿಲ್ಲ, ಫೋನೂ ಪೇಪರೂ ಅವಳೇ ಓದುತ್ತಾಳೆ, ನಾನು ಬಚ್ಚಿಟ್ಟದ್ದು ಬಯಲಾಗುತ್ತದೆ. ಮಾಡುತ್ತೇನೆ ಅಂದೆ.

ಅಲಮಾರಿಯ ಮೇಲೆ ಅವಳ ಹಳೆಯ ಲ್ಯಾಪ್‌ಟಾಪ್ ಬಿದ್ದಿತ್ತು. ಕೊರೋನಾ ಕಾಲದಲ್ಲಿ ಮನೆಯಿಂದ ಪಾಠ ಮಾಡಲು ತಂದದ್ದು. ಮದರ್‌ಬೋರ್ಡ್ ಸುಟ್ಟಿತ್ತು, ಪರದೆ ಚೆನ್ನಾಗಿತ್ತು. ಅಂಥ ಪರದೆಯನ್ನು ಬಿಚ್ಚಿ ಹಿಂದೆ ಒಂದು ಸಣ್ಣ ಬೋರ್ಡು ಜೋಡಿಸಿದರೆ ಅದು ಸ್ವತಂತ್ರ ಮಾನಿಟರ್ ಆಗುತ್ತದೆ. ಹೊಸ ಮಾನಿಟರನ್ನೇ ತರಬಹುದಿತ್ತು. ಆದರೆ ಮೂವತ್ತೆರಡು ವರ್ಷ ರಿಪೇರಿ ಬೆಂಚಿನ ಮುಂದೆ ಕೂತವನು ಹೆಂಡತಿ ಮಾಡಿಕೊಡು ಅಂದದ್ದನ್ನು ಅಂಗಡಿಯಿಂದ ಪೆಟ್ಟಿಗೆಯಲ್ಲಿ ತಂದರೆ ಮರ್ಯಾದೆಯೇ?

ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೂತೆ. ಪರದೆಯ ಅಂಚಿನ ಪ್ಲಾಸ್ಟಿಕ್ ಚೌಕಟ್ಟನ್ನು ಉಗುರಿನಿಂದ ಎಬ್ಬಿಸಿದೆ. ನಾಲ್ಕು ಸಣ್ಣ ಸ್ಕ್ರೂ ತೆಗೆದು, ಹಿಂದಿನ ತೆಳು ಕೇಬಲನ್ನು ಕಳಚಿದೆ. ಪರದೆ ಕೈಗೆ ಬಂತು. ಅದರ ಬೆನ್ನಿಗೆ ನಂಬರಿದ್ದ ಬಿಳಿ ಚೀಟಿ ಅಂಟಿಸಿತ್ತು. ಅದನ್ನು ಮೂಲೆಯಿಂದ ಎತ್ತಿ ಒಂದೇ ಎಳೆತಕ್ಕೆ ಕಿತ್ತೆ, ಅದು ನಾಲ್ಕು ಚೂರಾಗಿ ಬಂತು. ಉಳಿದ ಅಂಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಚೂರುಗಳನ್ನು ಕಸಕ್ಕೆ ಹಾಕಿ, ಮನಸ್ಸಿಗೆ ಸಮಾಧಾನವಾಗಿ ಚಹಾ ಕುಡಿದೆ.

ಇದು ನಮ್ಮ ಕಾರ್ಖಾನೆಯ ಪದ್ಧತಿ. ನಾನಿದ್ದದ್ದು ಸೈನ್ಯಕ್ಕೆ ಎಲೆಕ್ಟ್ರಾನಿಕ್ ಸಾಮಾನು ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ. ರಿಪೇರಿಗೆ ಬಂದ ಮಾಲಿನ ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಅಂಟು ಒರೆಸಿ, ಆಮೇಲೆಯೇ ಬೆಂಚಿಗೆ ಇಡಬೇಕು. ಹಳೆಯ ಚೀಟಿ ಅಂಟಿಸಿಕೊಂಡ ಮಾಲು ನನ್ನ ಬೆಂಚಿನ ಮೇಲೆ ಯಾವತ್ತೂ ಕಂಡದ್ದಿಲ್ಲ. ಅಲ್ಲಿ ಚೀಟಿ ಕೀಳುವ ಮುಂಚೆ ನಂಬರನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ ಇರುತ್ತಿದ್ದ. ನಮ್ಮ ಮನೆಯಲ್ಲಿ ಆ ಗುಮಾಸ್ತ ಇಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕೋಠಿಯ ಎಲೆಕ್ಟ್ರಾನಿಕ್ ಸಾಮಾನಿನ ಗಲ್ಲಿಯಲ್ಲಿ. ಅಂಗಡಿಯವನು ನನ್ನಷ್ಟೇ ತಲೆ ನರೆತವನು. ಪರದೆಯನ್ನು ಹಿಂದೆ ಮುಂದೆ ತಿರುಗಿಸಿ, "ಪೀಛೇ ಕಾ ಸ್ಟಿಕ್ಕರ್ ಕಿಧರ್ ಗಯಾ ಸಾಬ್?" ಅಂದ.

ಕಿತ್ತೆ ಎಂದು ಹಿಂದಿಯಲ್ಲಿ ಹೇಳಿದೆ.

"ಕೈಕು?"

ಯಾಕೆ ಅಂದರೆ, ಮೂವತ್ತೆರಡು ವರ್ಷದ ಪದ್ಧತಿಯನ್ನು ಅವನಿಗೆ ಹೇಗೆ ವಿವರಿಸಲಿ. ಸ್ವಚ್ಛ ಮಾಡಿದೆ ಅಂದೆ. ಅವನು ಪರದೆಯ ಬೆನ್ನನ್ನು ಬೆಳಕಿಗೆ ಹಿಡಿದು, "ಬಹುತ್ ಸಾಫ್ ಹೈ" ಅಂದ. ಆಮೇಲೆ ತಾಳ್ಮೆಯಿಂದ ತಿಳಿಸಿದ. ಒಂದೊಂದು ಪರದೆಗೆ ಒಂದೊಂದು ಲೆಕ್ಕದ ಬೋರ್ಡು, ನಂಬರ್ ನೋಡಿಯೇ ಕೊಡಬೇಕು, ವೋಲ್ಟೇಜ್ ತಪ್ಪಿದರೆ ಪರದೆ ಸುಟ್ಟುಹೋಗುತ್ತದೆ ಎಂದು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಪರದೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತಾಗ ನನಗೆ ಆದದ್ದು ಬೇಸರ ಅಂದರೆ ಅದು ಸುಳ್ಳಾಗುತ್ತದೆ. ಹಾಯೆನಿಸಿತು. ತಪ್ಪು ಬೇಕೆಂದು ಮಾಡಿದ್ದಲ್ಲ, ಆದರೆ ಅದರ ನೆರಳಿನಲ್ಲಿ ಆರಾಮಾಗಿ ಕೂತುಬಿಟ್ಟೆ. ಮನೆಗೆ ಬಂದು ನಂಬರ್ ಹೋಯಿತು ಅಂದೆ. "ಹುಡುಕ್ರಿ ಮತ್ತ" ಅಂದಳು. ಹುಡುಕುತ್ತಿದ್ದೇನೆ ಎಂದು ಮೂರು ವಾರ ಕಳೆದೆ. ನಾನು ಏನನ್ನೂ ಹುಡುಕುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದೆ. ಬಾಗಿಲು ಒರಗಿಸಿತ್ತು. ಅವಳು ಕಿಟಕಿಯ ಹತ್ತಿರ ನಿಂತು, ಪೇಪರನ್ನು ಮುಖಕ್ಕೆ ಒತ್ತಿ ಹಿಡಿದು, ಕತ್ತನ್ನು ಕೋಳಿಯ ಹಾಗೆ ಓರೆ ಮಾಡಿ, ಕಣ್ಣಂಚಿನಿಂದ ತಲೆಬರಹದ ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. "ಕು… ಡಿ… ಯು…" ಒಂದನೇ ಇಯತ್ತೆಯ ಮಕ್ಕಳಿಗೆ ಹಾಗೆ ಓದಲು ಕಲಿಸಿದವಳು ಅವಳು. ಮೂಗಿನ ತುದಿಗೆ ಮಸಿ ಹತ್ತಿತ್ತು. ನಾನು ಬಂದದ್ದು ಗೊತ್ತಾಗಿ ಪೇಪರನ್ನು ಗಡಿಬಿಡಿಯಿಂದ ಮಡಚಿ ಬೆನ್ನ ಹಿಂದೆ ಹಿಡಿದಳು. ನನ್ನ ಮನೆಯಲ್ಲಿ ಅವಳು ಕದ್ದು ಓದುವ ಹಾಗೆ ಮಾಡಿದ್ದೇನಲ್ಲ ಅನ್ನಿಸಿತು. ಹಿಟ್ಟಿನ ಡಬ್ಬಿಯನ್ನು ಅಲ್ಲೇ ಇಟ್ಟು, ಪರದೆ ತೆಗೆದುಕೊಂಡು ಮತ್ತೆ ಕೋಠಿಗೆ ಹೋದೆ.

ಅವತ್ತು ಅಂಗಡಿ ಖಾಲಿಯಿತ್ತು. ಬೇರೆ ದಾರಿ ಇದೆಯೇ ಎಂದು ಕೇಳಿದೆ. ಅವನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಒಂದು ಲ್ಯಾಪ್‌ಟಾಪಿನ ಕೇಬಲನ್ನು ನನ್ನ ಪರದೆಗೆ ಸಿಕ್ಕಿಸಿ, ನಾಲ್ಕು ಗುಂಡಿ ಒತ್ತಿದ. ಪರದೆ ಬೆಳಗಿತು, ಅದರ ನಂಬರ್ ಅದರಲ್ಲೇ ಮೂಡಿತು.

"ಅಂದರ್ ಭೀ ಲಿಖಾ ರಹತಾ ಸಾಬ್" ಅಂದ. ನಂಬರ್ ಒಳಗೂ ಇರುತ್ತದೆಂದು ಅವತ್ತೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. ನೀವು ಕೇಳಲೇ ಇಲ್ಲ, ಎದ್ದು ಹೊರಟುಬಿಟ್ಟಿರಿ ಅಂದ. ಅವನು ಹೇಳಿದ್ದು ನಿಜವಾಗಿತ್ತು. ಆ ನಂಬರಿನ ಬೋರ್ಡಿಗೆ ಮುಂಗಡ ಕೊಟ್ಟೆ.

ಬೋರ್ಡು ಬಂತು. ಬೆಸುಗೆ ಪರೀಕ್ಷಿಸಲು ಬಳಸುವ ಒಂದು ಸಣ್ಣ ಕ್ಯಾಮೆರಾವನ್ನೂ ಅವನೇ ಕೊಟ್ಟ. ನಮ್ಮ ಬೀದಿಯ ಫೋಟೊ ಫ್ರೇಮಿನ ಅಂಗಡಿಗೆ ಪರದೆಯ ಅಳತೆ ಒಯ್ದೆ. ಅವನು ಅಳತೆ ನೋಡಿ, "ಫೋಟೋ ಏದಿ ಸಾರ್?" ಅಂದ. ಫೋಟೊ ಇಲ್ಲ, ಗಾಜೂ ಬೇಡ, ಚೌಕಟ್ಟು ಸಾಕು ಅಂದರೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಕಂದು ಬಣ್ಣದ, ಅಂಚಿಗೆ ಹೂಬಳ್ಳಿಯಿದ್ದ ಚೌಕಟ್ಟಿನಲ್ಲಿ ಪರದೆ ಅಚ್ಚುಕಟ್ಟಾಗಿ ಕೂತಿತು. ಹಿಂದೆ ಪ್ಲೈವುಡ್, ಅದರ ಮೇಲೆ ಬೋರ್ಡು, ಕಾವು ಹೋಗಲು ತೂತು. ಹಳೆಯ ಟೇಬಲ್ ಲ್ಯಾಂಪಿನ ಬಾಗುವ ಕತ್ತಿಗೆ ಬಲ್ಬಿನ ಬದಲು ಕ್ಯಾಮೆರಾ ಕಟ್ಟಿದೆ. ಸ್ವಿಚ್ ಹಾಕಿದಾಗ ಪರದೆಯಲ್ಲಿ ನನ್ನ ಹೆಬ್ಬೆರಳು ಬದನೆಕಾಯಿಯಷ್ಟು ದಪ್ಪ ಕಾಣಿಸಿತು.

ದೀಪಾವಳಿಗೆ ಎಂಟು ದಿನ ಉಳಿದಿತ್ತು. ಇನ್ನು ಬಚ್ಚಿಡಲು ನನ್ನ ಹತ್ತಿರ ಯಾವ ನೆಪವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಪೂಜೆ ಮುಗಿದ ಮೇಲೆ ಕರೆದು ಮೇಜಿನ ಮುಂದೆ ಕೂರಿಸಿದೆ. ಅವಳು ಚೌಕಟ್ಟಿನ ಹೂಬಳ್ಳಿಯ ಮೇಲೆ ಬೆರಳಾಡಿಸಿ ನಕ್ಕಳು. ನಾನು ಅಲಮಾರಿಯಿಂದ ಆ ಪೇಪರ್ ತಂದು, ಆರನೇ ಪುಟ ಬಿಡಿಸಿ, ಕ್ಯಾಮೆರಾದ ಕೆಳಗೆ ಇಟ್ಟೆ.

"ಮೊದಲ ಇದನ್ನ ಓದು. ನಾ ನಿನಗ ಓದಿ ಹೇಳದ ಬಿಟ್ಟದ್ದು" ಅಂದೆ.

ಮೊದಲು ಕಂಡದ್ದು ಫೋಟೊ. ಅವಳು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಪುಟವನ್ನು ಅಂಗೈಯಿಂದ ಸರಿಸುತ್ತಾ, ಒಂದು ಸಾಲನ್ನೂ ಬಿಡದೆ, ಗಟ್ಟಿಯಾಗಿ ಓದಿದಳು. ಮಗಳು, ಅಳಿಯ, ಮೊಮ್ಮಕ್ಕಳು, ಬಂಧು ಬಳಗ ಎಂಬಲ್ಲಿಯವರೆಗೆ. ಮತ್ತೆ ಪುಟವನ್ನು ಕೆಳಕ್ಕೆ ಎಳೆದು ನೆತ್ತಿಯ ಮೇಲಿನ ತಾರೀಖನ್ನು ಓದಿದಳು.

"ನೀವು ಅವತ್ತ ಓದಿದ್ರ್ಯಾ ಇದನ್ನ?"

"ಓದಿದ್ದೆ. ಅವತ್ತ ನಿನ್ನ ಕಣ್ಣಿಗೆ ಸೂಜಿ ಹಾಕಿ ಒಂದ ದಿನ ಆಗಿತ್ತು. ಆಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ."

ಅವಳು ಅಳಲಿಲ್ಲ. ಫೋನು ಹಚ್ಚಿ ಕೊಡಲು ಹೇಳಿದಳು. ಗೆಳತಿಯ ಮಗಳು ಮಾತಾಡಿದಳು, ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. "ಹದಿಮೂರನೇ ದಿನ ನೀವು ಬಂದೇ ಬರ್ತೀರಿ ಅಂತ ನಿಮ್ಮ ಹೆಸರಲೆ ಎಲಿ ಹಾಕಿ ಕಾದಿದ್ವಿ ಮೌಶಿ. ಮೆಸೇಜ್ ಸುದ್ದಾ ಮಾಡಿದ್ದೆ" ಅಂದಳು ಆ ಹುಡುಗಿ.

ಈಗ ನನ್ನ ಹೆಸರು ಬರುತ್ತದೆ ಎಂದು ತಲೆ ತಗ್ಗಿಸಿ ಕೂತೆ.

"ನನಗ ಓದಾಕ ಬರತಿರಲಿಲ್ಲವ್ವಾ. ಕಣ್ಣು ಹೋಗಿದ್ವು" ಅಂದಳು ನನ್ನ ಹೆಂಡತಿ. "ತಪ್ಪು ನಂದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋನು ಇಟ್ಟ ಮೇಲೆ ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಉಜ್ಜಲಿಲ್ಲ. ಉಳಿದ ಪೇಪರೆಲ್ಲ ತರಲು ಹೇಳಿದಳು. ರದ್ದಿಗೆ ಹೋಗದೆ ಉಳಿದ ಕಟ್ಟನ್ನು ತಂದು ಅವಳ ಕೈಯಳತೆಯಲ್ಲಿ ಇಟ್ಟೆ. ಮೇಲಿನದನ್ನು ಬಿಡಿಸಿ ಕ್ಯಾಮೆರಾದ ಕೆಳಗೆ ಹಾಸಿಕೊಂಡು, ಮೊದಲ ಪುಟದ ತಲೆಬರಹದಿಂದ ಶುರು ಮಾಡಿದಳು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಹೊರಗೆ ಹೋಗಲೇ ಎಂದು ಕೇಳಿದೆ.

ಅವಳು ಪರದೆಯಿಂದ ಮುಖ ತಿರುಗಿಸಲಿಲ್ಲ.

"ಇಲ್ಲೇ ಕೂಡ್ರಿ" ಅಂದಳು. "ಆದ್ರ ಓದಬ್ಯಾಡ್ರಿ."