ಉಳಿದ ನೀರು

ನೀಲಾ, ನಿಮ್ಮವ್ವ ಕೊನೆಯ ನೀರನ್ನು ತಾನೇ ಎತ್ತಿ ಕುಡಿಯಲಿಲ್ಲ. ನಾನು ಕುಡಿಸಿದೆ. ಕುಡಿದ ಮೇಲೆ ನಿನ್ನ ಬಗ್ಗೆ ಒಂದು ಮಾತು ಹೇಳಿದಳು. 'ಏನೂ ಅನ್ನಲಿಲ್ಲ' ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಆರು ವರ್ಷದಿಂದ ಆ ಮಾತನ್ನು ನುಂಗಿಕೊಂಡು ಕೂತಿದ್ದೇನೆ — ನಿನಗೆ ಸೇರಬೇಕಾದ್ದನ್ನು, ನಿನ್ನೊಬ್ಬಳಿಗೇ ಸೇರಬೇಕಾದ್ದನ್ನು.

ಹೋದ ತಿಂಗಳು ನೀನು ಫೋನ್ ಮಾಡಿದ್ದೆ. ಇಳಕಲ್ಲಿನಲ್ಲಿ ನೀನು ನಡೆಸುವ ಆಯಿತವಾರದ ಕೂಟಕ್ಕೆ ಹೊಸಬರು ಬರುತ್ತಿದ್ದಾರೆ, ದೇವರಿಲ್ಲ ಅನ್ನುವವರು ಹೇಗೆ ವಿಚಾರ ಮಾಡುತ್ತಾರೆ ಎಂದು ಕೇಳುತ್ತಾರೆ, ಅವರ ಕೈಗೆ ಕೊಡಲು ಒಂದು ಸಣ್ಣ ಪುಸ್ತಕ ಮಾಡುತ್ತೇನೆ ಎಂದೆ. 'ಮೊದಲನೇ ಪಾಠ ನೀವ ಬರದು ಕೊಡ್ರಿ ಸರ್. ಸರಳ ಇರ್ಲಿ. ಖರೆ ಇರ್ಲಿ.' ಸರಳ ಬರೆಯಲು ನನಗೆ ಬರುತ್ತದೆ. ಖರೆ ಬರೆಯುವುದೇ ಕಷ್ಟವಾಯಿತು. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಹೊಸಬರು ಓದುವುದಿದ್ದರೆ ಅವರಿಗೂ ಗೊತ್ತಾಗಲಿ. ನಾನು ಹುನಗುಂದದವನು, ತರ್ಕಶಾಸ್ತ್ರ ಕಲಿಸಿ ನಿವೃತ್ತನಾದ ಮಾಸ್ತರ. ಕೋರ್ಟಿನ ಹಿಂದಿನ ನಮ್ಮ ಮನೆಯ ಪಡಸಾಲೆಯಲ್ಲಿ ಆಯಿತವಾರ ಮಧ್ಯಾಹ್ನ ಏಳೆಂಟು ಜನ ಕೂಡುತ್ತಿದ್ದರು. ನೀಲಾ ಇಳಕಲ್ಲಿನಿಂದ ಬಸ್ಸಿಗೆ ಬರುತ್ತಿದ್ದಳು. ತಂದೆ ಇಲ್ಲ, ತಾಯಿ ಗೌರವ್ವ, ಮಗಳು — ಇಬ್ಬರೂ ಒಂದೇ ಮಗ್ಗದ ಮೇಲೆ ಸೀರೆ ನೇಯ್ದು ಬದುಕಿದವರು.

ಮೊದಲ ದಿನ ನಾನೇ ಆಸ್ತಿಕನ ವಕೀಲನಾಗಿ ಸವಾಲು ಹಾಕಿದ್ದೆ. 'ಸೀರಿ ಐತಿ ಅಂದ್ರ ನೇಯ್ದವರು ಇರಬೇಕು. ಇಷ್ಟು ದೊಡ್ಡ ಜಗತ್ತು ಐತಿ, ಇದನ್ನ ನೇಯ್ದವ ಇರಬಾರದೇನು?' ಎಲ್ಲರೂ ತಲೆ ಕೆರೆದುಕೊಂಡರು. ನೀನು ಮೂಲೆಯಿಂದ ಅಂದೆ, 'ಸರ್, ಸೀರಿ ನೇಯ್ದಾಕಿನ್ನ ನಮ್ಮಜ್ಜಿ ಹಡದಾಳ. ಜಗತ್ತು ನೇಯ್ದವನ್ನ ಯಾರು ಹಡದಾರ್ರಿ?' ಆಹಾ! ಮೂವತ್ತು ವರ್ಷ ನಾನು ಕರಿಹಲಗೆ ತುಂಬ ಬರೆದು ಹೇಳಿದ್ದನ್ನು ಈ ಹುಡುಗಿ ಒಂದು ಮಾತಿನಲ್ಲಿ ಹೇಳಿಬಿಟ್ಟಳು. ನೇಯ್ದವನಿಗೆ ತಾಯಿ ಬೇಡವೆಂದರೆ ಜಗತ್ತಿಗೂ ನೇಯ್ದವ ಯಾಕೆ ಬೇಕು, ಒಂದು ಹೆಜ್ಜೆ ಮೊದಲೇ ಯಾಕೆ ನಿಲ್ಲಬಾರದು ಎಂದು ನಾನು ಮುಂದುವರಿಸಿದೆ. ಅಷ್ಟೇ ನನ್ನ ಪಾಲು.

ಆಮೇಲೆ ಆಡಿನ ಪಾಠ. 'ನಮ್ಮ ಹಿತ್ತಲದಾಗ ಒಂದು ಆಡು ಐತಿ. ಕಾಣಂಗಿಲ್ಲ, ಒದರಂಗಿಲ್ಲ, ಹಿಕ್ಕೀನೂ ಹಾಕಂಗಿಲ್ಲ. ಇಲ್ಲ ಅಂತ ತೋರಸ್ರಿ ನೋಡೋಣು!' ಎಲ್ಲರೂ ನಗುತ್ತಿದ್ದರು. ಇದೆ ಎಂದವನೇ ತೋರಿಸಬೇಕು, ತೋರಿಸುವವರೆಗೆ 'ನಂಬಲು ನನಗೆ ಕಾರಣ ಸಿಕ್ಕಿಲ್ಲ' ಅನ್ನುವುದರಲ್ಲಿ ತಪ್ಪಿಲ್ಲ. ನಾಸ್ತಿಕನೆಂದರೆ ಇಷ್ಟೇ — ದೇವರ ಮೇಲೆ ಸಿಟ್ಟಾದವನಲ್ಲ, ಗುಡಿ ಒಡೆಯುವವನೂ ಅಲ್ಲ. ಇದು ಈಗಲೂ ಸರಿ ಅಂತಲೇ ನನ್ನ ಬುದ್ಧಿ ಹೇಳುತ್ತದೆ. ಪಾಠದಲ್ಲಿ ದೋಷವಿರಲಿಲ್ಲ ನೀಲಾ.

ಮೂರನೆಯದು ನೀನೇ ಕೇಳಿದ್ದು. 'ಮ್ಯಾಲ ನೋಡಾವ ಇಲ್ಲ ಅಂದ್ರ ಸುಳ್ಳ ಹೇಳಿದರೂ ನಡೀತದೇನ್ರಿ?' ನಾನು ಎದೆ ಉಬ್ಬಿಸಿ ಹೇಳಿದೆ, 'ಯಾರೋ ನೋಡ್ತಾನಂತ ಖರೆ ಹೇಳೂದು ಅಂಜಿಕಿ. ಯಾರೂ ನೋಡದಾಗ ಖರೆ ಹೇಳೂದು ನೀತಿ.' ನೀನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ನೋಡಿ ನಾನು ಎಷ್ಟು ಹಿಗ್ಗಿದ್ದೆ — ಥೂ ನನ್ನ!

ಮುಂದಿನ ವಾರ ಎಲ್ಲರೂ ಹೋದ ಮೇಲೆ ನೀನು ಬಾಗಿಲಲ್ಲೇ ನಿಂತೆ. ನಾವು ಬಸವಣ್ಣನನ್ನು ನಂಬಿದ ಮನೆತನದವರು, ನೀನೂ ನಾನೂ. ಕೂಸಿದ್ದಾಗ ಲಿಂಗ ಕಟ್ಟುತ್ತಾರೆ. ಮಣ್ಣಿಗಿಡುವಾಗಲೂ ಅದು ಅಂಗೈಯಲ್ಲಿ ಇರಬೇಕು. ನೀನು ಕೊರಳ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದೆ, 'ನಂಬಿಕಿ ಹೋದ ಮ್ಯಾಲೂ ಇದನ್ನ ಕಟಗೊಂಡು ಅಡ್ಡಾಡೂದು ಸುಳ್ಳ ಅಲ್ಲೇನ್ರಿ ಸರ್? ನೀವು ನಿಮ್ಮದನ್ನ ಯಾವಾಗ ಬಿಚ್ಚಿದ್ರಿ?'

'ಇಪ್ಪತ್ತು ವರ್ಷ ಆತವ್ವಾ. ಕೈ ಸೈತ ನಡುಗಲಿಲ್ಲ.'

ಆ ಗಳಿಗೆಯಲ್ಲಿ ಅದು ನನ್ನ ಬನಿಯನ್ನಿನ ಒಳಗೆ, ಎದೆಯ ಮೇಲೆ ಇತ್ತು. ನಮ್ಮವ್ವ ಕಟ್ಟಿದ್ದು. ಒಂದೇ ಒಂದು ಸಲ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆ, ಹತ್ತು ನಿಮಿಷಕ್ಕೆ ಮತ್ತೆ ಕಟ್ಟಿಕೊಂಡೆ. ದೇವರಿದ್ದಾನೆ ಅಂತಲ್ಲ, ಅವ್ವ ಕಟ್ಟಿದ್ದು ಅಂತ... ಇಲ್ಲ, ಅದೂ ಪೂರಾ ಖರೆ ಅಲ್ಲ. ಹೆಂಡತಿಯ ಆಪರೇಶನ್ ಆದ ದಿನ ದವಾಖಾನೆಯ ವರಾಂಡದಲ್ಲಿ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಅಂಜಿಕೆ ಇತ್ತು. 'ನನಗೂ ಅಂಜಿಕಿ ಐತಿ ತಂಗಿ, ನಾನೂ ಬಿಚ್ಚಿಲ್ಲ, ನೀನೂ ಅವಸರ ಮಾಡಬ್ಯಾಡ' ಎಂದಿದ್ದರೆ ಏನಾಗುತ್ತಿತ್ತು? ಸ್ವಲ್ಪ ಸಣ್ಣವನಾಗುತ್ತಿದ್ದೆ, ಅಷ್ಟೇ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ಶಾಸ್ತ್ರಿಗಳನ್ನು ಆಡಿಕೊಂಡು ನಕ್ಕವನು ನಾನು. ನನ್ನ ಪುರಾಣ ಬೇರೆ ಇತ್ತು, ಬದನೆಕಾಯಿ ಅದೇ.

ನೀನು ಪಟ್ಟದಕಲ್ಲಿಗೆ ಹೋಗಿ ನಿನ್ನದನ್ನು ಮಲಪ್ರಭೆಗೆ ಬಿಟ್ಟು ಬಂದೆ. ಅವ್ವ ಕೇಳಿದಳು. ನೀನು ಸುಳ್ಳು ಹೇಳಬಹುದಿತ್ತು. ಜಳಕದ ಮನೆಯಲ್ಲಿ ಮರೆತೆ, ದಾರ ಹರಿಯಿತು, ಏನಾದರೂ. ನೋಟ್‌ಬುಕ್ಕಿನ ಆ ಗೆರೆ ನಿನ್ನನ್ನು ಬಿಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. 'ಸರ್‌ದೂ ಬಿಚ್ಚಿ ಇಪ್ಪತ್ತು ವರ್ಷ ಆಗೇತಿ' ಅಂತಲೂ ಹೇಳಿದೆಯಂತೆ.

ಲಿಂಗವಿಲ್ಲದವರು ಭವಿಗಳು, ಭವಿಯ ಕೈನೀರು ಮುಟ್ಟಬಾರದು — ಇದು ಹಳೆಯ ಕಟ್ಟುಪಾಡು. ಈಗ ಯಾರೂ ಅಷ್ಟು ಹಿಡಿಯುವುದಿಲ್ಲ. ಗೌರವ್ವ ಹಿಡಿದಳು. ನೀನು ಮಾಡಿದ ರೊಟ್ಟಿ ಬೇಡ, ನೀನು ಕೊಟ್ಟ ನೀರು ಬೇಡ. ಒಂದೇ ಮಗ್ಗ, ಒಂದೇ ಸೀರೆ, ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವಾಗ ಇಬ್ಬರ ಬೆರಳೂ ತಾಗುತ್ತಿದ್ದವಂತೆ. ಮಾತು ಮಾತ್ರ ಇಲ್ಲ. ನೀನು ಅಳುತ್ತ ಇದನ್ನು ಹೇಳಿದಾಗ ನಾನು ಏನಂದೆ ನೆನಪಿದೆಯೇ? 'ಗಟ್ಟಿ ಇರು. ಖರೆಕ್ಕ ಬೆಲಿ ಕೊಡಬೇಕಾಗ್ತದ.' ಕೊಡುವವಳು ನೀನು, ಹೇಳುವವನು ನಾನು!

ಮುಂದಿನ ವರ್ಷವೇ ಅವಳು ಬಾಗಲಕೋಟೆಯ ದವಾಖಾನೆ ಸೇರಿದಳು. ನಾನು ನೋಡಲು ಬಂದ ಮಧ್ಯಾಹ್ನ, ಡಾಕ್ಟರು ಬರೆದ ಔಷಧ ತರಲು ನೀನು ರಸ್ತೆಯಾಚೆಯ ಅಂಗಡಿಗೆ ಇಳಿದು ಹೋದೆ. 'ಸರ್, ಸ್ವಲ್ಪ ಕೂಡ್ರಿ.' ಕೂತೆ. ಅವಳು ನೀರು ಅಂದಳು. ತಂಬಿಗೆ ಹಿಡಿಯಲು ಹೋದ ಅವಳ ಕೈ ಮೇಲೇಳಲಿಲ್ಲ. ನಾನೂ ಭವಿಯೇ ಅಲ್ಲವೇ ಅವಳ ಲೆಕ್ಕದಲ್ಲಿ? ಆದರೂ ತಲೆ ಎತ್ತಿ ಹಿಡಿಯೋಣವೆಂದು ಬಗ್ಗಿದೆ. ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ದಾರ ಜಾರಿ, ಲಿಂಗ ಕಟ್ಟಿದ ಬಟ್ಟೆ ಅವಳ ಮುಖದ ಮುಂದೆ ತೂಗಿತು.

ಅವಳು ಅದನ್ನೇ ನೋಡಿದಳು. ಬಾಯಿ ತೆರೆದಳು. ಎರಡು ಗುಟುಕು ಕುಡಿದಳು. ಮೂರನೆಯದಕ್ಕೆ ತುಟಿ ಮುಚ್ಚಿಕೊಂಡಳು.

'ಬಿಚ್ಚಿ ಇಪ್ಪತ್ತು ವರ್ಷ ಆತಂತ ನೀಲಿ ಮುಂದ ಹೇಳಿದ್ರಲ್ರಿ.'

ನಾನು ತಂಬಿಗೆಯನ್ನು ಮತ್ತೆ ಅವಳ ತುಟಿಗೆ ಹಿಡಿದೆ.

'ಕಟಗೊಂಡು ಸುಳ್ಳ ಹೇಳಿದ್ರಿ ನೀವು. ಬಿಚ್ಚಿ ಖರೆ ಹೇಳಿದ್ಲು ನನ್ನ ಮಗಳು. ಇದರಾಗ ಭವಿ ಯಾರ್ರಿ?' ತಂಬಿಗೆಯನ್ನು ಗಲ್ಲದಿಂದ ಮೆಲ್ಲಗೆ ದೂಡಿದಳು. 'ಸಾಕ್ರಿ. ಉಳದದ್ದು ಇರ್ಲಿ. ನೀಲಿ ಬರ್ಲಿ, ಆಕಿ ಕೈಲೇ ಕುಡೀತೇನಿ.'

ಹಾಗೆಂದು ಬಾಗಿಲ ಕಡೆ ಹೊರಳಿದಳು. ನಿನ್ನ ದಾರಿ ನೋಡುತ್ತಲೇ ಇದ್ದಳು. ಮತ್ತೆ ನನ್ನ ಕಡೆ ಹೊರಳಲಿಲ್ಲ.

ಉಸಿರು ನಿಂತದ್ದು ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಲಿಂಗವನ್ನು ಬನಿಯನ್ನಿನೊಳಗೆ ತುರುಕಿ ಗುಂಡಿ ಹಾಕಿಕೊಂಡೆ. ನರ್ಸನ್ನು ಕೂಗಿದ್ದು ಆಮೇಲೆ.

ನೀನು ಔಷಧದ ಚೀಲ ಹಿಡಿದು ಓಡಿ ಬಂದೆ. ಅತ್ತು ಅತ್ತು ಸಾಕಾದ ಮೇಲೆ ಕೇಳಿದೆ, 'ಅವ್ವ ನೀರು ಕುಡದ್ಲೇನ್ರಿ?' 'ಕುಡದ್ಲವ್ವಾ, ತಾನ ಎತ್ತಿ ಕುಡದ್ಲು.' 'ಏನರ ಅಂದ್ಲೇನ್ರಿ?' ನಿನ್ನ ಮುಖದಲ್ಲಿ ಅಷ್ಟು ಆಸೆ ಇತ್ತು ನೀಲಾ. ಒಂದು ಮಾತು ಸಾಕಿತ್ತು. ಆದರೆ ಆ ಮಾತನ್ನು ಹೇಳಿದರೆ ಅದರ ಹಿಂದಿನ ಮಾತನ್ನೂ ಹೇಳಬೇಕಾಗುತ್ತಿತ್ತು, ಅದರ ಹಿಂದಿನ ದಾರವನ್ನೂ ತೋರಿಸಬೇಕಾಗುತ್ತಿತ್ತು. 'ಇಲ್ಲ, ಏನೂ ಅನ್ನಲಿಲ್ಲ' ಎಂದೆ.

ಮಣ್ಣು ಮಾಡುವ ದಿನ ನಿಮ್ಮ ಬಳಗದವರು ನಿನ್ನನ್ನು ಕುಣಿಯ ಹತ್ತಿರ ಬಿಡಲಿಲ್ಲ; ಭವಿ, ವಿಭೂತಿ ಹಾಕಬಾರದು ಎಂದರು. ನೀನು ದೂರ ಜಾಲಿಯ ಗಿಡದ ಕೆಳಗೆ ನಿಂತೆ. ನಾನು ನಿನ್ನ ಪಕ್ಕದಲ್ಲಿ ಕೈಕಟ್ಟಿ ನಿಂತೆ, ನಾನೂ ನಿನ್ನಂಥವನೇ ಎಂಬಂತೆ. ಅವತ್ತು ನೀನು ಅಂದ ಮಾತು ಇವತ್ತಿಗೂ ನನ್ನ ನಿದ್ದೆಯನ್ನು ತಿನ್ನುತ್ತದೆ: 'ನಮ್ಮವ್ವ “ನನ್ನ ಮಗಳು” ಅನ್ನದನ ಹೋದ್ಲ್ರಿ ಸರ್.'

ಇಲ್ಲವ್ವಾ. 'ನನ್ನ ಮಗಳು' ಅಂದೇ ಹೋದಳು. ನಿನ್ನ ಕೈನೀರಿಗೆ ಕಾಯುತ್ತ ಹೋದಳು. ದೇವರನ್ನು ಬಿಡದೆಯೇ ನಿನ್ನನ್ನು ಹಿಡಿದುಕೊಳ್ಳಲು ಅವಳಿಗೆ ಎರಡು ಗುಟುಕು ನೀರಿನಷ್ಟು ಹೊತ್ತು ಸಾಕಾಯಿತು.

ನೀನು ಮೊದಲನೇ ಪಾಠ ಕೇಳಿದ್ದೆ, ಇದೇ ಆ ಪಾಠ. ಪುಸ್ತಕಕ್ಕೆ ಹಾಕುತ್ತೀಯೋ ಹರಿಯುತ್ತೀಯೋ ನಿನ್ನಿಷ್ಟ. ನಾನು ಮಾತ್ರ ಬರುವ ಆಯಿತವಾರ ಬಸ್ಸಿಗೆ ಬಂದು, ನಿನ್ನ ಕೂಟದ ಹೊಸಬರ ಮುಂದೆ ಇದನ್ನು ಓದುತ್ತೇನೆ. ದಾರ ಅಂಗಿಯ ಮೇಲೆಯೇ ಇರುತ್ತದೆ. ಎಂದಾದರೂ ಬಿಚ್ಚುವ ಧೈರ್ಯ ಬಂದರೆ ಎಲ್ಲರೆದುರು ಬಿಚ್ಚುತ್ತೇನೆ, ಬರದಿದ್ದರೆ ಬರಲಿಲ್ಲ ಎಂದು ಹೇಳುತ್ತೇನೆ.

ಬಂದವರಿಗೆಲ್ಲ ನೀನು ಮೊದಲು ತಂಬಿಗೆಯಲ್ಲಿ ನೀರು ಕೊಡುತ್ತೀ, ನಮ್ಮ ಕಡೆಯ ಪದ್ಧತಿ. ನನಗೆ ಆಗಲೇ ಕೊಡಬೇಡ. ನಾನು ಪೂರಾ ಓದಿ ಮುಗಿಸಲಿ, ನೀನು ಪೂರಾ ಕೇಳು. ಆಮೇಲೆ ನನಗೆ ನೀರು ಕೊಡಬೇಕೋ ಬೇಡವೋ — ಅದನ್ನು ನಿನ್ನ ಕೈ ಹೇಳಲಿ.