ಕರೆಂಟಿಲ್ಲದೆ ಓಡಿದ ಕೂಲರ್

ಆಗೆಲ್ಲ ದಿಲ್ಲಿಯ ದ್ವಾರಕಾದಲ್ಲಿ ಸಂಜೆ ಕರೆಂಟು ಹೋದರೆ ದೊಡ್ಡವರು ಗೊಣಗುತ್ತಿದ್ದರು, ನಾವು ಮಕ್ಕಳು ಚಪ್ಪಲಿ ಹುಡುಕುತ್ತಿದ್ದೆವು. ಮೆಟ್ರೋ ಇನ್ನೂ ಬಂದಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೋಡೆಯಾಚೆ ಬರೀ ಖಾಲಿ ಪ್ಲಾಟುಗಳು, ಮುಳ್ಳುಕಂಟಿ. ಮಧ್ಯಾಹ್ನ ಎದ್ದ ಧೂಳು ಊಟದ ಹೊತ್ತಿಗೂ ಹಲ್ಲಿನ ಸಂದಿಯಲ್ಲಿ ಕರಕರ ಎನ್ನುತ್ತಿತ್ತು. ಅಂಥ ಬೇಸಿಗೆ ಕಂಡವರಿಗೆ ಕೂಲರಿನ ವಾಸನೆ ಗೊತ್ತಿರುತ್ತದೆ: ಒದ್ದೆ ಲಾವಂಚ, ತುಕ್ಕು ತಗಡು, ಟ್ಯಾಂಕರಿನ ನೀರು.

ಅಂಥ ಒಂದು ಬೇಸಿಗೆಯಲ್ಲಿ ಎದುರು ಮನೆಯ ಸುಮಿತ್ರಾ ಆಂಟಿಯ ಮಗ ಪ್ರದೀಪಣ್ಣ ಸೈನ್ಯದಿಂದ ರಜೆಗೆ ಬಂದ. ನನ್ನ ನೆನಪಿನಲ್ಲಿ ಅವನು ಸಮವಸ್ತ್ರದಲ್ಲಿದ್ದಾನೆ. ಅದು ಸುಳ್ಳು. ಪಾರ್ಕಿನಲ್ಲಿ ಪ್ರತಿ ವರ್ಷ ಹಾರ ಹಾಕುವ ಫೋಟೋದಿಂದ ಆ ಬಟ್ಟೆ ಎದ್ದು ಬಂದು ಅವನ ಮೈಗೆ ಹತ್ತಿಕೊಂಡಿದೆ. ಮನೆಯಲ್ಲಿ ಅವನದು ಬನಿಯನ್, ಚಡ್ಡಿ. ಬಿಸಿಲೇರುವ ತನಕ ಮಲಗುತ್ತಿದ್ದ. ಕೇರಂನಲ್ಲಿ ಮೊಣಕೈಯಿಂದ ಕಾಯಿ ಜರುಗಿಸುತ್ತಿದ್ದ. ಅವರಮ್ಮ ಹೇಳಿದ ಕೆಲಸವನ್ನೆಲ್ಲ ನಮ್ಮ ಕೈಲಿ ಮಾಡಿಸುತ್ತಿದ್ದ.

"ಕೂಲರಿಗೆ ನೀರು ತುಂಬಿಸಿದವರಿಗೆ ಕೋಡುಬಳೆ."

"ಆಂಟಿ ಸುಮ್ಮನೇನೇ ಕೊಡ್ತಾರೆ," ಎಂದೆ.

"ಆಂಟಿ ಕೊಡ್ತಾರೆ. ಡಬ್ಬ ಯಾರ ಕೈಲಿದೆ ನೋಡು."

ಕೆಳಗಿನ ಮನೆಯ ಬಂಟಿ ಬಕೆಟ್ಟು ನೆಲಕ್ಕೆ ಕುಕ್ಕಿ, "ಭಯ್ಯಾ, ಯೇ ತೋ ಚೀಟಿಂಗ್ ಹೈ," ಎಂದ.

"ಫೌಜ್ ಮೇಂ ಇಸೇ ಆರ್ಡರ್ ಕೆಹತೇ ಹೈಂ, ಬೇಟಾ." ಸೈನ್ಯದಲ್ಲಿ ಇದಕ್ಕೆ ಆರ್ಡರ್ ಅನ್ನುತ್ತಾರಂತೆ.

ಅಷ್ಟರಲ್ಲಿ ದೂರದ ಬೆಟ್ಟಗಳ ಮೇಲೆ ಯುದ್ಧ ಶುರುವಾಯಿತು. ಪ್ರದೀಪಣ್ಣನಿಗೆ ರಜೆ ಮೊಟಕುಗೊಳಿಸಿ ವಾಪಸು ಬರುವಂತೆ ಕರೆ ಬಂತು. ಹೊರಡುವ ಹಿಂದಿನ ಸಂಜೆ ಕರೆಂಟು ಹೋದಾಗ ಅವನೇ ಕೆಳಗಿಳಿದು ಬಂದು, "ಚಲೋ, ಕಣ್ಣಾಮುಚ್ಚಾಲೆ. ನಾನು ಅವಿತುಕೊಳ್ತೀನಿ, ನೀವೆಲ್ಲ ಹುಡುಕಿ," ಎಂದ. ನಾವು ಹುಡುಕಿದೆವು. ಮೆಟ್ಟಿಲ ಕೆಳಗೆ, ಸ್ಕೂಟರುಗಳ ಹಿಂದೆ, ತಾರಸಿಯ ನೀರಿನ ಟ್ಯಾಂಕಿನ ಸಂದಿಯಲ್ಲಿ. ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಒಣಗಿತು. ಕೊನೆಗೆ ಸೋತು ಅವನ ಮನೆಗೇ ನುಗ್ಗಿದರೆ ಪುಣ್ಯಾತ್ಮ ಭರ್ರೋ ಎನ್ನುವ ಕೂಲರಿನ ಮುಂದೆ ಬಾಯಿ ತೆರೆದು ಮಲಗಿದ್ದ. ನಾವೆಲ್ಲ ಅವನ ಮೇಲೆ ಬಿದ್ದು ಗುದ್ದಿದೆವು, ಅವನು ನಕ್ಕ. ಬೆಳಿಗ್ಗೆ ಅವನು ಹೋದ. ಮಳೆ ಬರುವ ಮುಂಚೆ ಸುದ್ದಿ ಬಂತು.

ಇದು ನಾನು ಪ್ರತಿ ವರ್ಷ ಅವನು ತೀರಿಕೊಂಡ ದಿನದಂದು ಪಾರ್ಕಿನಲ್ಲಿ ಹೇಳುವ ಕತೆ. ಸೊಸೈಟಿಯ ಕಾರ್ಯದರ್ಶಿ ಮೈಕು ಕೊಟ್ಟು, "ವೋ ಕೂಲರ್‌ವಾಲಾ ಕಿಸ್ಸಾ ಸುನಾಓ, ಬೇಟಾ," ಎನ್ನುತ್ತಾರೆ. ಜನ ನಗುತ್ತಾರೆ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. ನಗುತ್ತಾ ಬದುಕಿದ, ನಗುತ್ತಾ ಹೋದ ಎಂದು ಕಾರ್ಯದರ್ಶಿ ಮುಗಿಸುತ್ತಾರೆ. ಕತೆ ಅಷ್ಟು ಚೆನ್ನಾಗಿ ಕೂತುಬಿಟ್ಟಿತ್ತು. ಅದಕ್ಕೇ ನನಗೆ ಅನುಮಾನ ಬರಬೇಕಿತ್ತು.

ಈ ವರ್ಷ ಅದರ ಹಿಂದಿನ ದಿನ ಸುಮಿತ್ರಾ ಆಂಟಿ ಫೋನು ಮಾಡಿ ಕರೆಸಿಕೊಂಡರು. ಪಾರ್ಕಿಗೆ ಬರುವ ಮಕ್ಕಳಿಗೆಂದು ಕೋಡುಬಳೆ ಹಿಟ್ಟು ಹೊಸೆಯುತ್ತಿದ್ದರು.

"ನಾಳೆ ಅದೇ ಕೂಲರ್ ಕತೆ ಹೇಳ್ತೀಯೇನೇ?"

"ಹೂಂ ಆಂಟಿ. ಬೇಡವಾ?"

"ಕರೆಂಟು ಹೋಗಿತ್ತು ಅಂತೀಯ. ಮತ್ತೆ ಕೂಲರ್ ಹೇಗೆ ಓಡ್ತಿತ್ತು?"

ಇಷ್ಟು ವರ್ಷ ಕರೆಂಟಿಲ್ಲದೆ ಆ ಕೂಲರನ್ನು ಓಡಿಸಿದ್ದೆ. ಕೇಳಿದವರು ಯಾರೂ ತಡೆದಿರಲಿಲ್ಲ.

"ಕರೆಂಟು ಬಂದ ಮೇಲೆ ಹೋಗಿ ಮಲಗಿದ. ಅಲ್ಲೀತನಕ ಇಲ್ಲಿದ್ದ." ಹಿಟ್ಟಿನ ಬೆರಳಿನಿಂದ ಆಂಟಿ ಅಡುಗೆಮನೆಯ ಮೂಲೆ ತೋರಿಸಿದರು. "ಸಿಲಿಂಡರಿಗೆ ಒರಗಿಕೊಂಡು ಕೂತಿದ್ದ. ಹೊರಗೆ ನೀವು ಅವನ ಹೆಸರು ಕೂಗ್ತಾ ಇದ್ರಿ. ಅಮ್ಮ, ನನಗೆ ಹೋಗೋಕೆ ಮನಸ್ಸಿಲ್ಲ ಅಂದ. ಭಯ ಆಗ್ತಿದೆ ಅಂದ."

"ನೀವೇನಂದ್ರಿ?"

"ಏನನ್ನಲಿ? ಡಬ್ಬದಿಂದ ಕೋಡುಬಳೆ ತೆಗೆದು ಕೊಟ್ಟೆ. ತಿಂದ. ಕರುಂ ಕುರುಂ ಅನ್ನೋದು ಕೇಳಿಸ್ತಿತ್ತು. ಮುಖ ಕಾಣಿಸಲಿಲ್ಲ."

ಇನ್ನೊಂದು ಬಳೆ ಹೊಸೆದು ತಟ್ಟೆಯಲ್ಲಿಟ್ಟರು. "ಪಾರ್ಕಲ್ಲಿ ಎಲ್ರೂ, ನಗ್ತಾ ನಗ್ತಾ ಹೋದ ಅಂತಾರೆ. ಕೇಳೀ ಕೇಳೀ ನನಗೂ ಹಾಗೇ ಕಾಣೋಕೆ ಶುರುವಾಗಿದೆ ಕಣೇ. ಇಲ್ಲಿ ಕೂತಿದ್ದವನು ಮರ್ತು ಹೋಗ್ತಾ ಇದಾನೆ. ನಿಜವಾಗಿ ನನ್ನ ಹತ್ರ ಇದ್ದವನು ಅವನೊಬ್ಬನೇ."

ಮನೆಗೆ ಬಂದು ಆ ಸಂಜೆಯನ್ನು ಮತ್ತೆ ನೋಡಿಕೊಂಡೆ. ನಾವು ನುಗ್ಗಿದಾಗ ಅವನ ಮುಖ ಒದ್ದೆಯಾಗಿತ್ತು, ಕೂಲರಿನ ಹನಿ ಎಂದುಕೊಂಡಿದ್ದೆವು. ಇಲ್ಲ, ಇದನ್ನು ಹೊಡೆದುಹಾಕುತ್ತೇನೆ. ಆಂಟಿ ಹೇಳಿದ ಮೇಲೆ ನಾನೇ ಬಳಿದ ನೀರು ಅದು. ಅವನು ನಿದ್ದೆ ಮಾಡುತ್ತಿದ್ದನೋ ನಟಿಸುತ್ತಿದ್ದನೋ ನನಗೆ ಗೊತ್ತಿಲ್ಲ. ನಾವು ಗುದ್ದಿದಾಗ ಅವನು ನಕ್ಕನೆಂಬುದೂ ಈಗ ಖಾತ್ರಿಯಿಲ್ಲ. ಗಂಟಲು ಒಣಗಿದ್ದು ಮಾತ್ರ ನಿಜ.

ಮರುದಿನ ಮೈಕು ಕೈಗೆ ಬಂತು. ಕರೆಂಟು ಹೋಯಿತು, ಹುಡುಕಿದೆವು, ಸಿಗಲಿಲ್ಲ ಎಂದು ಹೇಳಿದೆ. ಜನ ನಗಲು ತಯಾರಾಗಿ ಕೂತಿದ್ದರು. ಅವನು ಆಗ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕೂತಿದ್ದ, ಭಯವಾಗುತ್ತಿದೆ ಎಂದ, ಕೋಡುಬಳೆ ತಿಂದ, ಬೆಳಿಗ್ಗೆ ಹೋದ ಎಂದೆ. ಅಲ್ಲಿಗೆ ಮುಗಿಸಿದೆ. ಕಾರ್ಯದರ್ಶಿ ಮೈಕು ವಾಪಸು ತೆಗೆದುಕೊಳ್ಳುವುದನ್ನೂ ಮರೆತು ನಿಂತಿದ್ದರು. ಮುಂದಿನ ಸಾಲಿನಲ್ಲಿ ಆಂಟಿ ಮಡಿಲಿನ ಡಬ್ಬದ ಮುಚ್ಚಳ ತೆಗೆದು ಪಕ್ಕದ ಮಗುವಿಗೆ ಒಂದು ಕೋಡುಬಳೆ ಕೊಟ್ಟರು. ಆ ಸದ್ದಿಲ್ಲದ ಪಾರ್ಕಿನಲ್ಲಿ ಅದು ಕಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಆಂಟಿ ಕಣ್ಣು ಮುಚ್ಚಿಕೊಂಡರು.

ವಾಪಸು ಬರುವಾಗ ನನ್ನ ಮಗಳು ಕೇಳಿದಳು. "ಮಮ್ಮಾ, ಅಷ್ಟೊತ್ತು ಕತ್ತಲೆ ಹೇಗೆ ಇರತ್ತೆ? ಜನರೇಟರ್ ನಹೀಂ ಥಾ ಕ್ಯಾ?"

"ಇರಲಿಲ್ಲ ಪುಟ್ಟಿ."

ಲಿಫ್ಟಿನಲ್ಲಿದ್ದಾಗ ಕರೆಂಟು ಹೋಯಿತು. ಅವಳ ಕೈ ಹುಡುಕಿ ಹಿಡಿಯುವಷ್ಟರಲ್ಲಿ ದೀಪ ಬಂತು, ಇಬ್ಬರ ಮುಖವೂ ಕಂಡಿತು. ಈಗ ನಮ್ಮಲ್ಲಿ ಕತ್ತಲೆ ಅಷ್ಟೇ ಹೊತ್ತು. ಲಾವಂಚದ ಕೂಲರ್ ಹೋದದ್ದಕ್ಕೆ, ತಾರಸಿಗೆ ಬೀಗ ಬಿದ್ದದ್ದಕ್ಕೆ ನಾನು ಬೇಸರಪಟ್ಟವಳಲ್ಲ. ಸೆಕೆಯಲ್ಲಿ ಬೇಯುವುದು ಯಾರಿಗೆ ಬೇಕು? ಆದರೆ ಒಬ್ಬ ಹುಡುಗ ತನ್ನ ಮುಖ ಕಾಣಿಸದಂತೆ ಅಮ್ಮನ ಹತ್ತಿರ ಕೂತು ಒಂದು ಮಾತು ಹೇಳಿ ಮುಗಿಸಲು ಇಷ್ಟು ಕತ್ತಲೆ ಸಾಲದು.